ಸಂಜೆಯ ಬಾನಿಗೆ ಗ್ರೇಡಿಯಂಟ್: ನಡುವೆ ಬೂದಿ ಬಣ್ಣ ಬಾರದಂತೆ ಹಾಕುವುದು ಹೇಗೆ?

ಕಾರವಾರದ ಠಾಗೋರ್ ಕಡಲತೀರದಲ್ಲಿ ಹೊತ್ತು ಮುಳುಗಿದ ಮೇಲೆ ಹತ್ತು ನಿಮಿಷ ನಿಂತು ನೋಡಿ. ಕಡಲಿನ ಗೆರೆಯ ಹತ್ತಿರ ಕಿತ್ತಳೆ, ತಲೆಯ ಮೇಲೆ ನೀಲಿ. ನಡುವೆ ಗುಲಾಬಿ, ತೆಳು ನೇರಳೆ. ಹೀಗೆ ಒಂದು ಬಣ್ಣ ನಿಧಾನಕ್ಕೆ ಇನ್ನೊಂದಕ್ಕೆ ತಿರುಗುವಂತೆ ತುಂಬುವುದಕ್ಕೆ ಡಿಸೈನಿನಲ್ಲಿ ಗ್ರೇಡಿಯಂಟ್ ಎನ್ನುತ್ತಾರೆ. ಈಗ ಅದೇ ಸಂಜೆಯನ್ನು ಯಾವುದಾದರೂ ಬ್ಯಾನರಿನಲ್ಲಿ ನೋಡಿ. ಎಷ್ಟೋ ಕಡೆ ಕಿತ್ತಳೆಗೂ ನೀಲಿಗೂ ನಡುವೆ ಒದ್ದೆ ಸಿಮೆಂಟಿನಂಥ ಒಂದು ಪಟ್ಟಿ ಕೂತಿರುತ್ತದೆ.

ರಜೆಯಲ್ಲಿ ನನ್ನ ಹತ್ತಿರ ಡಿಸೈನ್ ಕಲಿಯಲು ಬರುವ ಮಕ್ಕಳೂ ಮೊದಲ ವಾರ ಇಲ್ಲೇ ಎಡವುತ್ತಾರೆ. "ಸರ್, ಎರಡೂ ಬಣ್ಣ ಚೆನ್ನಾಗೇ ಇವೆ, ನಡುವೆ ಯಾಕೆ ಹೀಗಾಯ್ತು?" ಎಂದು ಕೇಳುತ್ತಾರೆ. ಪ್ರತಿ ವರ್ಷ ಬಾಯಲ್ಲಿ ಹೇಳುತ್ತಿದ್ದುದನ್ನು ಈ ಸಲ ಬರೆದಿಡುತ್ತಿದ್ದೇನೆ.

ಮೊದಲು ಸಾಫ್ಟ್‌ವೇರ್. ನಾನು ಇಂಕ್‌ಸ್ಕೇಪ್ ಇಟ್ಟುಕೊಂಡು ಹೇಳುತ್ತೇನೆ. ಅದು ಪುಕ್ಕಟೆ ಸಿಗುತ್ತದೆ, 2003ರಿಂದ ಇದೆ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ನಮ್ಮ ಕಡೆಯ ಪ್ರಿಂಟಿಂಗ್ ಅಂಗಡಿಗಳಲ್ಲಿ ಕೋರಲ್ ಡ್ರಾ ಜಾಸ್ತಿ. ಅಲ್ಲಿ ಗ್ರೇಡಿಯಂಟಿಗೆ ಫೌಂಟನ್ ಫಿಲ್ ಎನ್ನುತ್ತಾರೆ. ಇಲಸ್ಟ್ರೇಟರಿನಲ್ಲೂ ಕೆಲಸ ಇದೇ. ಮೂರರಲ್ಲೂ ಕೀಬೋರ್ಡಿನ ಜಿ ಒತ್ತಿದರೆ ಬಣ್ಣ ಎಳೆಯುವ ಟೂಲ್ ಬರುತ್ತದೆ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರನ್ನು ಯಾರಾದರೂ ಪೆನ್‌ಡ್ರೈವಿನಲ್ಲಿ ಕೊಟ್ಟರೆ ಬೇಡ ಎನ್ನಿ. ಅದರ ಜೊತೆ ವೈರಸ್ ಬಂದು ಎರಡು ವರ್ಷದ ಫೈಲುಗಳು ಹೋದವರನ್ನು ನಾನು ಕಂಡಿದ್ದೇನೆ. ಕಲಿಯುವವರಿಗೆ ಇಂಕ್‌ಸ್ಕೇಪ್ ಧಾರಾಳವಾಗಿ ಸಾಕು.

ಸುಲಭದ ಹಂತಗಳು

ಆರ್ ಒತ್ತಿ ಒಂದು ಆಯತ ಎಳೆಯಿರಿ. ಜಿ ಒತ್ತಿ, ಕಂಟ್ರೋಲ್ ಹಿಡಿದುಕೊಂಡೇ ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ಕಂಟ್ರೋಲ್ ಹಿಡಿದರೆ ಗೆರೆ ಸೊಟ್ಟ ಆಗುವುದಿಲ್ಲ. ಗೆರೆಯ ಕೆಳಗಿನ ತುದಿಯ ಮೇಲೆ ಕ್ಲಿಕ್ ಮಾಡಿ ಕಿತ್ತಳೆ ಕೊಡಿ, ಮೇಲಿನ ತುದಿಗೆ ನೀಲಿ ಕೊಡಿ. ಇಂಕ್‌ಸ್ಕೇಪ್ ಎರಡನೇ ತುದಿಯನ್ನು ತಾನಾಗಿ ಪಾರದರ್ಶಕ ಮಾಡಿಟ್ಟಿರುತ್ತದೆ. ಆದ್ದರಿಂದ ಅಲ್ಲಿ ಆಲ್ಫಾ ಪಟ್ಟಿಯನ್ನು (ಬಣ್ಣ ಎಷ್ಟು ಪಾರದರ್ಶಕ ಎಂದು ತೋರಿಸುವ ಪಟ್ಟಿ) ಪೂರ್ತಿ ಬಲಕ್ಕೆ ತಳ್ಳಿ. ಇಷ್ಟು ಎಲ್ಲರಿಗೂ ಬರುತ್ತದೆ.

ಕೆಲಸ ಕೆಡುವುದು ಇಲ್ಲಿ

ಪರದೆಯ ಮೇಲಿನ ಯಾವ ಬಣ್ಣವೇ ಆಗಲಿ, ಕಂಪ್ಯೂಟರಿಗೆ ಅದು ಮೂರು ಅಂಕೆ. ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು. ಪ್ರತಿಯೊಂದೂ 0ಯಿಂದ 255ರ ಒಳಗೆ. ನಮ್ಮ ನೀಲಿ ಬಾನಿಗೆ 0, 90, 180 ಕೊಟ್ಟೆವು ಎಂದುಕೊಳ್ಳಿ. ಕಿತ್ತಳೆಗೆ 255, 150, 60. ನಟ್ಟನಡುವೆ ಯಾವ ಬಣ್ಣ ಬರಬೇಕು? ಕಂಪ್ಯೂಟರ್ ಎರಡನ್ನೂ ಕೂಡಿಸಿ ಅರ್ಧ ಮಾಡುತ್ತದೆ. ಕೆಂಪು 127, ಹಸಿರು 120, ನೀಲಿ 120. ಮೂರೂ ಅಂಕೆ ಹೆಚ್ಚುಕಡಿಮೆ ಒಂದೇ ಆದರೆ ಅದು ಬೂದಿ ಬಣ್ಣ. ಕಂಪ್ಯೂಟರ್ ಸಂಜೆಯನ್ನು ನೋಡಿಲ್ಲ ಅಲ್ವಾ? ಅದಕ್ಕೆ ಗೊತ್ತಿರುವುದು ಸರಾಸರಿ ತೆಗೆಯುವುದು ಮಾತ್ರ.

ಬಣ್ಣದ ಚಕ್ರದಲ್ಲಿ ಎದುರುಬದುರು ಇರುವ ಯಾವ ಎರಡು ಬಣ್ಣ ತೆಗೆದುಕೊಂಡರೂ ಇದೇ ಗತಿ. ಯಕ್ಷಗಾನದ ಪೋಸ್ಟರಿಗೆ ಕೆಂಪಿನಿಂದ ಹಸಿರಿಗೆ ಎಳೆದವರಿಗೆ ನಡುವೆ ಕೆಸರಿನ ಬಣ್ಣ ಸಿಗುತ್ತದೆ. ಆಗ ತುದಿಯ ಬಣ್ಣಗಳನ್ನು ಇನ್ನೂ ಗಾಢ ಮಾಡಲು ಹೊರಡುತ್ತಾರೆ. ಅದರಿಂದ ಏನೂ ಸರಿಹೋಗುವುದಿಲ್ಲ. ತುದಿ ಎಷ್ಟು ಗಾಢವಾದರೂ ನಡುವೆ ಕೆಸರು ಕೆಸರೇ.

ಸರಿಪಡಿಸುವುದು ಹೀಗೆ. ಗ್ರೇಡಿಯಂಟ್ ಗೆರೆಯ ಮೇಲೆ ಡಬಲ್ ಕ್ಲಿಕ್ ಮಾಡಿ. ಹೊಸ ಚುಕ್ಕೆಯೊಂದು ಬರುತ್ತದೆ, ಅದಕ್ಕೆ ಸ್ಟಾಪ್ ಎಂದು ಹೆಸರು. ಇಂಥವು ಎರಡು ಬೇಕು. ಕಿತ್ತಳೆಗೆ ಹತ್ತಿರ ಇರುವುದಕ್ಕೆ ಗುಲಾಬಿ: 240, 150, 150. ನೀಲಿಯ ಕಡೆಯದಕ್ಕೆ ತೆಳು ನೇರಳೆ: 150, 130, 190. ಈಗಲೂ ಕಂಪ್ಯೂಟರ್ ಸರಾಸರಿಯನ್ನೇ ತೆಗೆಯುತ್ತದೆ, ಆದರೆ ಪಕ್ಕಪಕ್ಕದ ಬಣ್ಣಗಳದ್ದು. ಕಿತ್ತಳೆ ಮತ್ತು ಗುಲಾಬಿಯ ನಡುವೆ 247, 150, 105 ಬರುತ್ತದೆ. ನೇರಳೆ ಮತ್ತು ನೀಲಿಯ ನಡುವೆ 75, 110, 185. ಎರಡರಲ್ಲೂ ಜೀವ ಇದೆ. ಬೂದಿ ಬರಲು ಜಾಗವೇ ಇಲ್ಲ.

ಸ್ಟಾಪ್ ಹಾಕಿದರೆ ಅರ್ಧ ಕೆಲಸ ಆಯಿತು. ಎಲ್ಲಿ ಹಾಕುತ್ತೀರಿ ಎನ್ನುವುದು ಉಳಿದರ್ಧ. ಹೊಸಬರು ನಾಲ್ಕು ಬಣ್ಣವನ್ನೂ ಸಮಸಮ ದೂರದಲ್ಲಿ ಇಡುತ್ತಾರೆ. ಆಗ ಬಾನು ಐಸ್‌ಕ್ಯಾಂಡಿ ಥರ ಕಾಣುತ್ತದೆ. ನಿಜವಾದ ಬಾನಿನಲ್ಲಿ ಬಣ್ಣ ಬೇಗ ಬೇಗ ಬದಲಾಗುವುದು ಕಡಲಿನ ಗೆರೆಯ ಹತ್ತಿರ. ಕೈ ಚಾಚಿ ಮುಷ್ಟಿ ಹಿಡಿದು ಅಳೆದರೆ, ಎಷ್ಟೋ ಸಂಜೆ ಗಾಢ ಕಿತ್ತಳೆ ಒಂದು ಮುಷ್ಟಿಯಷ್ಟು ಎತ್ತರವೂ ಇರುವುದಿಲ್ಲ. ಅದರ ಮೇಲೆ ಗುಲಾಬಿ, ಆಮೇಲೆ ನೇರಳೆ. ಉಳಿದದ್ದೆಲ್ಲ ನಿಧಾನಕ್ಕೆ ಗಾಢವಾಗುತ್ತ ಹೋಗುವ ನೀಲಿ. ಆದ್ದರಿಂದ ಕೆಳಗಿನಿಂದ ಲೆಕ್ಕ ಹಾಕಿ ಗುಲಾಬಿಯನ್ನು ನೂರಕ್ಕೆ 12ರಲ್ಲಿ ಇಡಿ, ನೇರಳೆಯನ್ನು 30ರಲ್ಲಿ. ಉಳಿದ 70 ಪಾಲು ನೀಲಿಗೆ ಹೋಗಲಿ. ಇಟ್ಟ ಮೇಲೆ ಕಣ್ಣು ಕಿರಿದು ಮಾಡಿ ನೋಡಿ. ಎಲ್ಲಾದರೂ ಪಟ್ಟಿ ಎದ್ದು ಕಂಡರೆ ಅಲ್ಲಿರುವ ಸ್ಟಾಪನ್ನು ಸ್ವಲ್ಪ ಅತ್ತಿತ್ತ ಸರಿಸಿ.

ಅಂಕೆ ನೆನಪಿಡುವುದು ಕಷ್ಟ ಎನ್ನುವವರು ಒಂದು ಸಂಜೆ ಫೋಟೊ ತೆಗೆದುಕೊಂಡು ಬನ್ನಿ. ಅದನ್ನು ಪುಟದೊಳಗೆ ತಂದು, ಡಿ ಒತ್ತಿ ಡ್ರಾಪರಿನಿಂದ ಬಣ್ಣ ಎತ್ತಿಕೊಳ್ಳಿ. ಆದರೆ ಸುಮ್ನೆ ಒಂದು ಕ್ಲಿಕ್ ಮಾಡಬೇಡಿ. ಒಂದೇ ಚುಕ್ಕೆಯ ಬಣ್ಣ ಬರುತ್ತದೆ, ಮೊಬೈಲ್ ಫೋಟೊದಲ್ಲಿ ಆ ಚುಕ್ಕೆ ಹೇಗೂ ಇರಬಹುದು. ಕ್ಲಿಕ್ ಮಾಡಿ ಹಾಗೇ ಎಳೆದರೆ ಒಂದು ವೃತ್ತ ಬರುತ್ತದೆ. ಆ ವೃತ್ತದೊಳಗಿನ ಬಣ್ಣಗಳ ಸರಾಸರಿ ಸಿಗುತ್ತದೆ. ಇಲ್ಲಿ ಸರಾಸರಿ ನಮ್ಮ ಕೆಲಸಕ್ಕೆ ಬರುತ್ತದೆ.

ಅಂತರ್ಜಾಲದಲ್ಲಿ ಸಾವಿರ ಗ್ರೇಡಿಯಂಟಿನ ರೆಡಿಮೇಡ್ ಕಟ್ಟುಗಳನ್ನು ಮಾರುತ್ತಾರೆ. ದುಡ್ಡು ಕೊಟ್ಟು ತರಬೇಡಿ. ಯಾವುದೋ ಊರಿನ ಬಾನನ್ನು ತಂದು ಕುರುಮಗಡ ದ್ವೀಪದ ಹಿಂದೆ ಹಾಕಿದರೆ, ದಿನಾ ಅದೇ ಬಾನು ನೋಡುವ ನಮ್ಮೂರಿನವರಿಗೆ ತಕ್ಷಣ ಗೊತ್ತಾಗುತ್ತದೆ.

ಸೂರ್ಯನ ಸುತ್ತ ಕಪ್ಪು ಬಳೆ

ಸೂರ್ಯನಿಗೆ ರೇಡಿಯಲ್ ಗ್ರೇಡಿಯಂಟ್, ಅಂದರೆ ನಡುವಿನಿಂದ ಸುತ್ತಲೂ ಹರಡುವಂಥದ್ದು, ಹಾಕುತ್ತೀರಿ. ನಡುವೆ ಹಳದಿ, ಹೊರಗೆ ಪಾರದರ್ಶಕ. ನೋಡಿದರೆ ಸುತ್ತ ಹೊಗೆ ಹಿಡಿದ ಹಾಗೆ ಕೊಳಕು ಬಳೆ. ಇದೂ ಮೇಲೆ ಹೇಳಿದ ಲೆಕ್ಕದ್ದೇ ತೊಂದರೆ. ವೃತ್ತ ಮೊದಲು ಕಪ್ಪಾಗಿತ್ತು, ನೀವು ನಡುವಿನ ತುದಿಯನ್ನು ಮಾತ್ರ ಹಳದಿ ಮಾಡಿದಿರಿ. ಹೊರಗಿನ ತುದಿ ಪಾರದರ್ಶಕವಾದರೂ ಅದರೊಳಗೆ ಕಪ್ಪು ಹಾಗೇ ಉಳಿದಿದೆ. ಕಣ್ಣಿಗೆ ಕಾಣದ ಆ ಕಪ್ಪು ದಾರಿಯುದ್ದಕ್ಕೂ ಹಳದಿಯ ಜೊತೆ ಬೆರೆಯುತ್ತದೆ. ಹೊರಗಿನ ತುದಿಗೂ ಅದೇ ಹಳದಿ ಕೊಡಿ, ಆಲ್ಫಾ ಮಾತ್ರ 0 ಇರಲಿ. ಬಳೆ ಹೋಗುತ್ತದೆ.

ಕನ್ನಡ ಅಕ್ಷರಕ್ಕೆ ಹಾಕುವಾಗ

ಇಂಗ್ಲಿಷ್ ಪಾಠಗಳಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯ ಬ್ಯಾನರಿಗೆ 'ಶಿರಸಿ' ಮತ್ತು 'ಜಾತ್ರೆ' ಎಂದು ಎರಡು ಪದ ಬರೆದು, ಎರಡಕ್ಕೂ ಮೇಲೆ ಹಳದಿ ಕೆಳಗೆ ಕೆಂಪು ಕೊಟ್ಟಿರಿ ಎನ್ನಿ. 'ಶಿರಸಿ'ಯಲ್ಲಿ ಒತ್ತಕ್ಷರ ಇಲ್ಲ. 'ಜಾತ್ರೆ'ಯಲ್ಲಿ ರ ಒತ್ತು ಕೆಳಗೆ ಇಳಿದಿದೆ. ಗ್ರೇಡಿಯಂಟ್ ಒತ್ತಿನ ತುದಿಯವರೆಗೂ ಹರಡಿಕೊಳ್ಳುತ್ತದೆ. ಹಾಗಾಗಿ 'ಜಾ' ಕಿತ್ತಳೆಯವರೆಗೆ ಮಾತ್ರ ಇಳಿಯುತ್ತದೆ, ಕೆಂಪೆಲ್ಲ ಒತ್ತಿಗೆ ಹೋಗುತ್ತದೆ. ಪಕ್ಕದ 'ಶಿರಸಿ' ಮಾತ್ರ ಕೆಂಪಿನವರೆಗೂ ಇಳಿದಿರುತ್ತದೆ. ಒಂದೇ ಸಾಲಿನ ಎರಡು ಪದ ಬೇರೆ ಬೇರೆ ಬೋರ್ಡಿನಿಂದ ಕಿತ್ತು ತಂದ ಹಾಗೆ ಕಾಣುತ್ತವೆ.

ಎರಡೂ ಪದಗಳನ್ನು ಒಟ್ಟಿಗೆ ಆರಿಸಿಕೊಳ್ಳಿ. ಜಿ ಒತ್ತಿ, ತಲೆಕಟ್ಟಿನಿಂದ ಅಕ್ಷರದ ಬುಡದವರೆಗೆ ಮಾತ್ರ ಎಳೆಯಿರಿ. ಒತ್ತಿನವರೆಗೆ ಎಳೆಯಬೇಡಿ. ಬುಡದ ಕೆಳಗೆ ಕೊನೆಯ ಬಣ್ಣವೇ ಮುಂದುವರಿಯುತ್ತದೆ, ಒತ್ತು ತಾನಾಗಿ ಅದರಲ್ಲಿ ಸೇರಿಕೊಳ್ಳುತ್ತದೆ. ಕೋರಲ್‌ನಲ್ಲಾದರೆ ಅಕ್ಷರಗಳನ್ನು ಕರ್ವ್ ಮಾಡಿ, ಕಂಟ್ರೋಲ್ ಎಲ್ ಒತ್ತಿ ಒಂದು ಮಾಡಿಕೊಂಡು ಆಮೇಲೆ ಎಳೆಯಿರಿ. ಅಕ್ಷರಗಳನ್ನು ಬಿಡಿಸಿ ಒಂದೊಂದಕ್ಕೂ ಬೇರೆ ಗ್ರೇಡಿಯಂಟ್ ಕೊಡಲೇಬೇಡಿ. ರ ಒತ್ತು ತಾನೇ ಒಂದು ಹೊಸ ಅಕ್ಷರದ ಹಾಗೆ ಮೇಲೆ ಹಳದಿ ಕೆಳಗೆ ಕೆಂಪು ಹೊದ್ದು ಕೂರುತ್ತದೆ. ಇನ್ನು ಮಳೆಬಿಲ್ಲಿನ ಏಳೂ ಬಣ್ಣವನ್ನು ಹೆಸರಿನ ಮೇಲೆ ಸುರಿಯುವುದನ್ನಂತೂ ನಾನು ಒಪ್ಪುವುದಿಲ್ಲ. ದೂರದಿಂದ ಓದಲು ಆಗುವುದಿಲ್ಲ.

ಬಂಗಡೆ ಹೊಳೆಯಬೇಕಾದರೆ

ಮೀನೂಟದ ಹೋಟೆಲಿನ ಬೋರ್ಡಿಗೆ ಬಂಗಡೆ ಬರೆಯಬೇಕಾಗಿತ್ತು. ನಾನು ಅಂತರ್ಜಾಲದ ಚಿತ್ರ ನೋಡಿ ಬರೆದುಕೊಂಡು ಹೋದೆ. ಹೋಟೆಲಿಗೆ ಮೀನು ತಂದುಕೊಡುವ ಹೆಂಗಸು ನೋಡಿದ ಕೂಡಲೇ, "ಇದು ನಮ್ಮ ಬಂಗಡೆ ಅಲ್ಲ ತಮಾ" ಎಂದರು. ಅವರು ಹೇಳಿದ್ದು ಸರಿ. ನಾನು ಬರೆದದ್ದು ಅಟ್ಲಾಂಟಿಕ್ ಕಡಲಿನ ಮೀನು, ಅದರ ಬೆನ್ನ ಮೇಲೆ ಅಲೆಯಂಥ ಅಡ್ಡ ಪಟ್ಟೆಗಳಿರುತ್ತವೆ. ನಮ್ಮ ಬಂಗಡೆಗೆ ಉದ್ದಕ್ಕೆ ಸಾಗುವ ತೆಳು ಕಪ್ಪು ಗೆರೆಗಳು, ಪಕ್ಕದ ಈಜುರೆಕ್ಕೆಯ ಹತ್ತಿರ ಒಂದು ಕಪ್ಪು ಚುಕ್ಕೆ. ಮಾರನೇ ದಿನ ಅರ್ಧ ಕೆಜಿ ಬಂಗಡೆ ತಂದು ಮೇಜಿನ ಮೇಲೆ ಇಟ್ಟುಕೊಂಡು ಬರೆದೆ.

ಆಗ ಕಂಡದ್ದು ಇದು. ಬೆನ್ನಿನ ನೀಲಿಹಸಿರು ಹೊಟ್ಟೆಯ ಬಿಳಿಗೆ ನಿಧಾನಕ್ಕೆ ಇಳಿಯುವುದಿಲ್ಲ. ಮೈಯ ನಡುವೆ ಸ್ವಲ್ಪ ಮೇಲೆ ತಟ್ಟನೆ ಬದಲಾಗುತ್ತದೆ. ಅಲ್ಲಿ ಎರಡು ಸ್ಟಾಪ್‌ಗಳನ್ನು ಹತ್ತಿರ ಹತ್ತಿರ ತರಬೇಕು. ಬೆಳ್ಳಿಯ ಹೊಳಪಿಗೂ ಇದೇ ಉಪಾಯ. ಬೂದಿಯಿಂದ ಬಿಳಿಗೆ ನಯವಾಗಿ ಎಳೆದರೆ ಪ್ಲಾಸ್ಟಿಕ್ ಮೀನು ಆಗುತ್ತದೆ. ಬಿಳಿಯ ಪಕ್ಕದಲ್ಲೇ ಗಾಢ ಬಣ್ಣ ಬಂದರೆ ಹೊಳಪು ಬರುತ್ತದೆ. ಬಿಳಿ ನೂರಕ್ಕೆ 45ರಲ್ಲಿ, ಗಾಢ ನೀಲಿಬೂದಿ 48ರಲ್ಲಿ, ಮತ್ತೆ ತಿಳಿ ಬಣ್ಣ 60ರಲ್ಲಿ. ಹೀಗಿಟ್ಟು ನೋಡಿ.

ಮೀನು ಬಾಗಿದ್ದರೆ ಲೀನಿಯರ್ ಗ್ರೇಡಿಯಂಟ್, ಅಂದರೆ ನೇರ ಗೆರೆಯಲ್ಲಿ ಸಾಗುವಂಥದ್ದು, ಅದರ ಜೊತೆ ಬಾಗುವುದಿಲ್ಲ. ಇದಕ್ಕೆಂದೇ ಬಲೆಯ ಹಾಗೆ ಹಲವು ಚುಕ್ಕೆಗಳಲ್ಲಿ ಬಣ್ಣ ಕೊಡುವ ಮೆಶ್ ಗ್ರೇಡಿಯಂಟ್ ಇದೆ, ಇಂಕ್‌ಸ್ಕೇಪಿಗೂ 2017ರಲ್ಲಿ ಬಂತು. ನಾನು ಬಳಸುವುದಿಲ್ಲ. ಆ ಫೈಲನ್ನು ಬೇರೆ ಸಾಫ್ಟ್‌ವೇರಿನಲ್ಲಿ ತೆರೆದರೆ ಸರಿಯಾಗಿ ಬರುವ ಭರವಸೆ ಇಲ್ಲ. ಅದರ ಬದಲು ಬೆನ್ನನ್ನೇ ಬೇರೆ ಆಕಾರವಾಗಿ ಬಾಗಿಸಿ ಬರೆಯಿರಿ, ಅಂಚು ಮಸುಕಾಗುವಂತೆ ಸ್ವಲ್ಪ ಬ್ಲರ್ ಕೊಡಿ, ಹೊರಗೆ ಚಾಚಿದ್ದು ಕಾಣದಂತೆ ಮೀನಿನ ಮೈಯೊಳಗೆ ಕ್ಲಿಪ್ ಮಾಡಿ. ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ. ಆದರೆ ಯಾವ ಅಂಗಡಿಗೆ ಒಯ್ದರೂ ಪ್ರಿಂಟ್ ಸರಿ ಬರುತ್ತದೆ.

ಗ್ರೇಡಿಯಂಟೇ ಬೇಡದ ಕೆಲಸವೂ ಇದೆ. ಕಾವಿ ಕಲೆಯ ಮಾದರಿಯಲ್ಲಿ ಆಮಂತ್ರಣ ಪತ್ರಿಕೆ ಕೇಳುತ್ತಾರೆ. ಶಿರಸಿಯ ಮಾರಿಕಾಂಬಾ ಗುಡಿಯ ಗೋಡೆಯಲ್ಲಿ ಅದನ್ನು ನೋಡಬಹುದು. ಕೆಂಪು ಮಣ್ಣಿನ ಪದರವನ್ನು ಕೆರೆದು ಒಳಗಿನ ಬಿಳಿ ಗಾರೆ ಕಾಣಿಸುವ ಕೆಲಸ ಅದು. ಇರುವುದು ಎರಡೇ ಬಣ್ಣ. ಅಲ್ಲಿ ಕೆಂಪನ್ನು ತೇಲಿಸಿ ಬಿಟ್ಟರೆ ಕೆರೆದ ಗೆರೆಯ ಹರಿತ ಹೋಗಿಬಿಡುತ್ತದೆ.

ಪ್ರಿಂಟಿಗೆ ಕೊಡುವ ಮೊದಲು

ಪರದೆಯಲ್ಲಿ ನಯವಾಗಿದ್ದ ಬಾನು ಫ್ಲೆಕ್ಸಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಪ್ರಿಂಟ್ ಮಾಡಿದವರನ್ನು ಬೈಯುವ ಮೊದಲು ಲೆಕ್ಕ ಹಾಕಿ. ನಿಮ್ಮ ಎರಡು ತುದಿಯ ನಡುವೆ ಮೂರೂ ಅಂಕೆಗಳು ಒಟ್ಟಿಗೆ 30ರಷ್ಟು ಮಾತ್ರ ಬದಲಾದರೆ, ಸಿಗುವುದು ಸುಮಾರು 30 ಮೆಟ್ಟಿಲು. ಫ್ಲೆಕ್ಸ್ 10 ಅಡಿ ಎಂದರೆ 120 ಇಂಚು. ಒಂದೊಂದು ಮೆಟ್ಟಿಲು 4 ಇಂಚು ಅಗಲ. ಕಾಣದೆ ಇರುತ್ತದಾ? ತುದಿಯ ಬಣ್ಣಗಳ ಅಂತರ ಹೆಚ್ಚಿಸಿ. ಅದು ಆಗದಿದ್ದರೆ ಚಿತ್ರವನ್ನು ಪಿಎನ್‌ಜಿ ಮಾಡಿ, ಗಿಂಪ್ ಎಂಬ ಫೋಟೊ ತಿದ್ದುವ ಸಾಫ್ಟ್‌ವೇರಿನಲ್ಲಿ ತೆರೆದು, ನಾಯ್ಸ್ ಎಂಬ ಫಿಲ್ಟರನ್ನು ತೀರಾ ಸ್ವಲ್ಪ ಹಾಕಿ. ಸಣ್ಣ ಸಣ್ಣ ಕಾಳು ಉದುರಿ ಮೆಟ್ಟಿಲಿನ ಅಂಚು ಮುಚ್ಚಿಹೋಗುತ್ತದೆ.

ಫೈಲನ್ನು ವಾಟ್ಸ್‌ಆ್ಯಪಿನಲ್ಲಿ ಫೋಟೊ ಎಂದು ಕಳಿಸಬೇಡಿ. ಅದು ಚಿತ್ರವನ್ನು ಹಿಂಡಿ ಸಣ್ಣದು ಮಾಡುತ್ತದೆ, ಮೊದಲು ಕೆಡುವುದೇ ಬಾನು. ಡಾಕ್ಯುಮೆಂಟ್ ಎಂದು ಕಳಿಸಿ. ಅಂಗಡಿಯವರು ಇಪಿಎಸ್ ಎಂಬ ಬಗೆಯ ಫೈಲ್ ಬೇಕು ಎಂದರೆ ಪಿಡಿಎಫ್ ಕೊಡುತ್ತೇನೆ ಎನ್ನಿ. ಇಪಿಎಸ್‌ಗೆ ಪಾರದರ್ಶಕ ಬಣ್ಣ ಗೊತ್ತಿಲ್ಲ, ಸೂರ್ಯನ ಸುತ್ತಲಿನ ಬೆಳಕೇ ಕೆಟ್ಟುಹೋಗಬಹುದು.

ಪೂರ್ತಿ ಫ್ಲೆಕ್ಸ್ ಒಮ್ಮೆಲೇ ಹೊಡೆಸಬೇಡಿ. ಬಾನಿನ ಮೇಲಿನಿಂದ ಕೆಳಗಿನವರೆಗೆ ಒಂದು ಅಡಿ ಅಗಲದ ಪಟ್ಟಿ ಮಾತ್ರ ಮೊದಲು ಪ್ರಿಂಟ್ ಮಾಡಿಸಿ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ನೋಡಿ ಒಪ್ಪಬೇಡಿ. ಹೊರಗೆ ಬಿಸಿಲಿಗೆ ತಂದು, ಗೋಡೆಗೆ ಒರಗಿಸಿ, ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ನೋಡಿ. ಗುಲಾಬಿ ಮಂಕಾಗಿದ್ದರೆ ಫೈಲಿಗೆ ವಾಪಸ್ ಬಂದು ಆ ಒಂದು ಸ್ಟಾಪನ್ನು ಮಾತ್ರ ಸ್ವಲ್ಪ ಗಾಢ ಮಾಡಿ, ಇನ್ನೊಂದು ಪಟ್ಟಿ ತೆಗೆಸಿ.