ಬಿಪಿ ಮಿಷನ್ ನಂಬಬಹುದಾ? ನಾನು ನೋಡುವ ರೀತಿ

ಆಸ್ಪತ್ರೆಯ ಉಪಕರಣಗಳ ರಿಪೇರಿ ನನ್ನ ಕೆಲಸ. ಆಗಾಗ ವಾರ್ಡುಗಳ ಬಿಪಿ ಮಿಷನ್‌ಗಳನ್ನು ತರಿಸಿಕೊಂಡು ಪರೀಕ್ಷಿಸುತ್ತೇನೆ. "ಮುಳ್ಳು ಸೊನ್ನೆಯಲ್ಲೇ ಇದೆಯಲ್ಲ ಸರ್, ಇನ್ನೇನು ನೋಡ್ತೀರಿ?" ಎಂದು ಸಿಸ್ಟರ್‌ಗಳು ಕೇಳುವುದುಂಟು.

ಗಾಳಿ ಬಿಟ್ಟ ಮೇಲೂ ಡಯಲ್ಲಿನ ಮುಳ್ಳು ಸೊನ್ನೆಗೆ ಬರದಿದ್ದರೆ ಮಿಷನ್ ಕೆಟ್ಟಿದೆ, ಸರಿ. ಆದರೆ ಸೊನ್ನೆಗೆ ಬಂದ ಮಾತ್ರಕ್ಕೆ ಚೆನ್ನಾಗಿದೆ ಅನ್ನಲಾಗದು. ಒಳಗಿನ ತೆಳು ಲೋಹದ ಡಬ್ಬಿ ಒತ್ತಡಕ್ಕೆ ಉಬ್ಬಿ, ಪುಟ್ಟ ಹಲ್ಲುಚಕ್ರಗಳ ಮೂಲಕ ಮುಳ್ಳನ್ನು ತಿರುಗಿಸುತ್ತದೆ. ಕೈಜಾರಿ ನೆಲಕ್ಕೆ ಬಿದ್ದ ಮಿಷನ್ ಸೊನ್ನೆಯಲ್ಲಿ ಸರಿಯಾಗಿ ನಿಂತು, 150ರ ಹತ್ತಿರ ಸುಳ್ಳು ಹೇಳಬಹುದು.

ಅದಕ್ಕೇ ಕಫ್ಫನ್ನು (ತೋಳಿಗೆ ಸುತ್ತುವ ಗಾಳಿಪಟ್ಟಿಯನ್ನು) ಗಟ್ಟಿ ಪೈಪಿಗೆ ಸುತ್ತಿ, ಟ್ಯೂಬಿನ ನಡುವೆ 'ಟಿ' ಆಕಾರದ ಜೋಡಣೆ ಹಾಕಿ, ಕ್ಯಾಲಿಬ್ರೇಷನ್ ಆದ, ಅಂದರೆ ಅಳತೆ ಸರಿಯಿದೆ ಎಂದು ಖಚಿತವಾದ, ಇನ್ನೊಂದು ಮೀಟರನ್ನು ಸೇರಿಸುತ್ತೇನೆ. ಎರಡಕ್ಕೂ ಒಂದೇ ಗಾಳಿ. 50ರಿಂದ ಐವತ್ತೈವತ್ತು ಪಾಯಿಂಟ್ (ಬಿಪಿ ಅಳೆಯುವ ಮಿಲಿಮೀಟರ್ ಪಾದರಸ) ಏರಿಸುತ್ತಾ 300ರವರೆಗೆ ಹೋಗಿ, ಹಾಗೇ ಇಳಿಯುತ್ತೇನೆ. ಪ್ರತಿ ಹಂತದಲ್ಲೂ ಎರಡೂ ಅಂಕಿ ಬರೆದುಕೊಳ್ಳುತ್ತೇನೆ. ವ್ಯತ್ಯಾಸ 3 ಪಾಯಿಂಟಿನೊಳಗೆ ಇದ್ದರೆ ಪಾಸು. ಇಳಿಯುವಾಗಲೂ ನೋಡಬೇಕು, ಯಾಕೆಂದರೆ ಡಾಕ್ಟರು ಬಿಪಿ ಓದುವುದು ಗಾಳಿ ಇಳಿಯುವಾಗಲೇ ಅಲ್ವಾ?

ಇನ್ನು ಸೋರಿಕೆ. ನನ್ನ ಲೆಕ್ಕದಲ್ಲಿ ಮೀಟರಿಗಿಂತ ರಬ್ಬರೇ ಜಾಸ್ತಿ ಕಾಟ ಕೊಡುತ್ತದೆ. 250ಕ್ಕೆ ಏರಿಸಿ, ಗಾಳಿ ಬಿಡುವ ವಾಲ್ವ್ ಮುಚ್ಚುತ್ತೇನೆ. ತುಂಬಿದ ತಕ್ಷಣ ಮುಳ್ಳು ತುಸು ಇಳಿಯುವುದು ಸಹಜ. ಬಿಸಿಯಾದ ಗಾಳಿ ತಣಿಯುತ್ತದೆ, ಕಫ್ಫಿನ ಬಟ್ಟೆಯೂ ಹಿಗ್ಗುತ್ತದೆ. ಅದು ನಿಂತ ಮೇಲೆ ಗಡಿಯಾರ ನೋಡುತ್ತೇನೆ. ಒಂದು ನಿಮಿಷದಲ್ಲಿ 4 ಪಾಯಿಂಟಿಗಿಂತ ಜಾಸ್ತಿ ಇಳಿದರೆ ಸೋರುತ್ತಿದೆ ಎಂದರ್ಥ. ಗಾಳಿ ತುಂಬಲು ಒತ್ತುವ ರಬ್ಬರ್ ಬಲ್ಬಿನ ಕಡೆಯ ಟ್ಯೂಬನ್ನು ಬಿಗಿಯಾಗಿ ಮಡಚಿ ಹಿಡಿದಾಗ ಸೋರಿಕೆ ನಿಂತರೆ ತೊಂದರೆ ವಾಲ್ವಿನಲ್ಲೋ ಬಲ್ಬಿನಲ್ಲೋ ಇದೆ. ನಿಲ್ಲದಿದ್ದರೆ ಕಫ್ಫಿಗೂ ಟ್ಯೂಬಿಗೂ ಸೋಪಿನ ನೀರು ಹಚ್ಚಿ ಗುಳ್ಳೆ ಹುಡುಕುತ್ತೇನೆ. ವಾಲ್ವ್ ಸೆಕೆಂಡಿಗೆ 2–3 ಪಾಯಿಂಟಿನಂತೆ ನಯವಾಗಿ ಇಳಿಸಬೇಕು. ಧೂಳು ಕೂತಿದ್ದರೆ ತಡೆದು ತಡೆದು ಇಳಿಯುತ್ತದೆ.

ಡಿಜಿಟಲ್ ಮಿಷನ್‌ಗೆ ಈ ಪರೀಕ್ಷೆ ಅರ್ಧ ಮಾತ್ರ. 'ಟಿ' ಹಾಕಿದರೆ ಒತ್ತಡದ ಸೆನ್ಸರ್ ಸರಿಯಿದೆಯಾ ಅಂತ ಗೊತ್ತಾಗುತ್ತದೆ, ಅಷ್ಟೇ. ಡಿಜಿಟಲ್ ಮಿಷನ್ ಕಫ್ಫಿನೊಳಗಿನ ಸಣ್ಣ ಮಿಡಿತಗಳಿಂದ ಲೆಕ್ಕ ಹಾಕಿ ಬಿಪಿ ಹೇಳುತ್ತದೆ. ಆ ಲೆಕ್ಕ ಕಂಪನಿಯಿಂದ ಕಂಪನಿಗೆ ಬೇರೆ. ಮನೆಯ ಮಿಷನ್ ಹೋಲಿಸಬೇಕೆಂದು ಕೇಳುವವರಿಗೆ ನಾನು ಹೇಳುವುದಿಷ್ಟು: ಐದು ನಿಮಿಷ ಸುಮ್ನೆ ಕೂತು, ಒಂದೇ ತೋಳಿನಲ್ಲಿ, ಆಸ್ಪತ್ರೆಯದರಲ್ಲೊಮ್ಮೆ, ನಿಮ್ಮದರಲ್ಲೊಮ್ಮೆ, ಹೀಗೆ ಕೆಲವು ಸಲ ನೋಡಿ. ಎರಡು ತೋಳಿಗೆ ಎರಡು ಮಿಷನ್ ಕಟ್ಟಬೇಡಿ. ತೋಳುಗಳ ಬಿಪಿಯೇ ಬೇರೆ ಇರಬಹುದು.

ದೂರು ಬಂದ ಎಷ್ಟೋ ಮಿಷನ್‌ಗಳು ಮೇಜಿನ ಮೇಲೆ ಪಾಸಾಗುತ್ತವೆ. ಆಗ ನಾನೇ ವಾರ್ಡಿಗೆ ಹೋಗಿ ಅಳೆಯುವ ಕ್ರಮ ನೋಡುತ್ತೇನೆ. ತೋಳು ಎದೆಯ ಮಟ್ಟದಿಂದ 10 ಸೆಂಟಿಮೀಟರ್ ಕೆಳಗಿದ್ದರೆ ಸುಮಾರು 7–8 ಪಾಯಿಂಟ್ ಜಾಸ್ತಿ ಬರುತ್ತದೆ. ದಪ್ಪ ತೋಳಿಗೆ ಚಿಕ್ಕ ಕಫ್ ಕಟ್ಟಿದರೂ ಅಷ್ಟೇ, ಜಾಸ್ತಿಯೇ. ಒಂದು ವಾರ್ಡಿಗೆ ದೊಡ್ಡ ಕಫ್ ತರಿಸಿಕೊಟ್ಟ ಮೇಲೆ ಅಲ್ಲಿಂದ ದೂರೇ ಕಡಿಮೆಯಾಯಿತು. ಮಿಷನ್ ಮಾತ್ರ ಹಳೆಯದೇ.