ಫಿಸ್ಟುಲಾ ಆದ ಮೇಲೆ ಮೊದಲ ಡಾಪ್ಲರ್: ಯಾವಾಗ ಮಾಡಿಸಬೇಕು, ಏನು ಕೇಳಬೇಕು

ಡಯಾಲಿಸಿಸ್‌ಗೆ ಅಂತ ಕೈಯಲ್ಲಿ ಫಿಸ್ಟುಲಾ (ಸೂಜಿ ಹಾಕಲು ಅನುಕೂಲವಾಗಲಿ ಅಂತ ಎರಡು ರಕ್ತನಾಳಗಳನ್ನು ಸೇರಿಸುವುದು) ಮಾಡಿಸಿ, ಹೊಲಿಗೆ ಬಿಚ್ಚಿದ ಮೇಲೆ ತುಂಬಾ ಜನ ಸುಮ್ನೆ ಕಾಯುತ್ತಾರೆ. ನಾವೂ ಹಾಗೇ ಕಾದೆವು. ಎರಡು ತಿಂಗಳಾದ ಮೇಲೆ ಅಪ್ಪನ ಕೈಗೆ ಮೊದಲ ಸಲ ಸೂಜಿ ಹಾಕಿದರೆ ರಕ್ತ ಸರಿಯಾಗಿ ಬರಲೇ ಇಲ್ಲ. ಡಾಪ್ಲರ್, ಅಂದರೆ ರಕ್ತದ ಹರಿವು ತೋರಿಸುವ ಸ್ಕ್ಯಾನ್, ಮಾಡಿಸಿದಾಗ ಗೊತ್ತಾಯಿತು, ಎರಡು ರಕ್ತನಾಳ ಸೇರಿಸಿದ ಜಾಗದ ಪಕ್ಕದಲ್ಲೇ ನಾಳ ಕಿರಿದಾಗಿತ್ತು. ಅಷ್ಟೂ ದಿನ ಕುತ್ತಿಗೆಯ ಕ್ಯಾತಿಟರ್‌ನಲ್ಲೇ (ರಕ್ತನಾಳಕ್ಕೆ ಹಾಕಿದ ಕೊಳವೆ) ಡಯಾಲಿಸಿಸ್, ಜೊತೆಗೆ ಸೋಂಕಿನ ಭಯ.

ಆಪರೇಷನ್ ಆಗಿ 4ರಿಂದ 6 ವಾರದೊಳಗೆ ಡಾಕ್ಟರಿಗೆ ಕೈ ತೋರಿಸಿ, ಡಾಪ್ಲರ್ ಬೇಕಾ ಅಂತ ನೀವೇ ಕೇಳಿ. ಇದು ಅಲ್ಟ್ರಾಸೌಂಡ್ ಅಷ್ಟೇ. ಇಂಜೆಕ್ಷನ್ ಇಲ್ಲ, ರೇಡಿಯೇಷನ್ ಇಲ್ಲ. ಡಯಾಲಿಸಿಸ್ ಇಲ್ಲದ ದಿನ ಹೋಗುವುದು ಒಳ್ಳೆಯದು, ಯಾಕೆಂದರೆ ಡಯಾಲಿಸಿಸ್ ಮುಗಿದ ಕೂಡಲೇ ಬಿಪಿ ಇಳಿದಿದ್ದರೆ ಹರಿವೂ ಕಡಿಮೆ ಕಾಣಿಸುತ್ತದೆ.

ರಿಪೋರ್ಟಿನಲ್ಲಿ 'ಹರಿವು ಇದೆ' ಅಂತ ಒಂದು ಸಾಲು ಬರೆದು ಕೊಟ್ಟರೆ ಸಾಲದು. ಮೂರು ಅಂಕಿ ಕೇಳಿ: ನಾಳದ ಅಗಲ, ಚರ್ಮದಿಂದ ಎಷ್ಟು ಆಳದಲ್ಲಿದೆ, ನಿಮಿಷಕ್ಕೆ ಎಷ್ಟು ರಕ್ತ ಹರಿಯುತ್ತಿದೆ. ಅಗಲ 6 ಮಿ.ಮೀ., ಆಳ 6 ಮಿ.ಮೀ.ಗಿಂತ ಕಡಿಮೆ, ಹರಿವು 600 ಮಿ.ಲೀ. ಇದ್ದರೆ ಚೆನ್ನಾಗಿ ಬಲಿತಿದೆ ಅಂತ ಅರ್ಥ. ಅಷ್ಟಿಲ್ಲ ಅಂತ ಎದೆಗುಂದಬೇಡಿ, 4 ಮಿ.ಮೀ. ಅಗಲ, 500 ಮಿ.ಲೀ. ಹರಿವು ಇರುವ ಫಿಸ್ಟುಲಾಗಳೂ ಎಷ್ಟೋ ಸಲ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಕೈ ದಪ್ಪ ಇದ್ದವರಿಗೆ ಆಳವೇ ತೊಂದರೆ, ಹರಿವು ಎಷ್ಟಿದ್ದರೂ ಸೂಜಿಗೆ ನಾಳ ಸಿಗುವುದಿಲ್ಲ, ಅಂಥವರಿಗೆ ನಾಳವನ್ನು ಮೇಲಕ್ಕೆ ತರುವ ಇನ್ನೊಂದು ಚಿಕ್ಕ ಆಪರೇಷನ್ ಬೇಕಾಗಬಹುದು. ಎಲ್ಲಾದರೂ ಕಿರಿದಾಗಿದೆಯಾ, ಪಕ್ಕದ ಕವಲುಗಳು ರಕ್ತ ಎಳೆದುಕೊಳ್ಳುತ್ತಿವೆಯಾ ಅನ್ನುವುದನ್ನೂ ಕೇಳಿ. ಕಿರಿದಾಗಿದ್ದರೆ ಬಲೂನ್ ಹಾಕಿ ಅಗಲ ಮಾಡುತ್ತಾರೆ, ಕವಲಿದ್ದರೆ ಕಟ್ಟುತ್ತಾರೆ. ಬೇಗ ಗೊತ್ತಾದಷ್ಟೂ ಫಿಸ್ಟುಲಾ ಉಳಿಯುವ ಸಾಧ್ಯತೆ ಜಾಸ್ತಿ.

ಇಡೀ ತೋಳು ಊದಿದ್ದರೆ, ಅದರಲ್ಲೂ ಮೊದಲು ಅದೇ ಕಡೆ ಕ್ಯಾತಿಟರ್ ಇದ್ದಿದ್ದರೆ, ಡಾಪ್ಲರ್ ಒಂದನ್ನೇ ನಂಬಬೇಡಿ. ಕಾಲರ್ ಮೂಳೆಯ ಹಿಂದಿನ ನಾಳ ಅದರಲ್ಲಿ ಸರಿಯಾಗಿ ಕಾಣುವುದಿಲ್ಲ, ಡೈ ಹಾಕಿ ನೋಡುವ ಫಿಸ್ಟುಲೋಗ್ರಾಂ ಬೇಕಾಗಬಹುದು.

ಸ್ಕ್ಯಾನ್ ಇರುವುದು ಒಂದು ದಿನ, ಕೈ ಮುಟ್ಟಿ ನೋಡುವುದು ದಿನಾ ಬೆಳಗ್ಗೆ. ಜುಂ ಅನ್ನುವ ಕಂಪನ ಸಿಗಬೇಕು. ಕಂಪನ ಹೋಗಿ ಬರೀ ದಡದಡ ಬಡಿತ ಇದ್ದರೆ ಮುಂದೆಲ್ಲೋ ತಡೆ ಇರಬಹುದು. ಕೈ ಎತ್ತಿದಾಗ ನಾಳದ ಉಬ್ಬು ಇಳಿಯಬೇಕು, ಇಳಿಯದಿದ್ದರೂ ಅದೇ ಅನುಮಾನ, ಅದೇ ವಾರ ತೋರಿಸಿ. ಕಂಪನವೂ ಬಡಿತವೂ ಎರಡೂ ನಿಂತಿದ್ದರೆ ಮುಂದಿನ ಡಯಾಲಿಸಿಸ್ ತನಕ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಫೋನ್ ಮಾಡಿ.