ಗಾಲಿಕುರ್ಚಿಯ ದಾರಿಗೆ ಇಳಿಜಾರಿನ ಲೆಕ್ಕ

ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ನಾನು ಸರಳರೇಖೆಯ ಇಳಿಜಾರಿನ ಸೂತ್ರವನ್ನು ಕರಿಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದೆನಾದರೂ, ಟೇಪು ಹಿಡಿದು ಅದನ್ನು ಅಳೆಯಬೇಕಾಗಿ ಬಂದದ್ದು ಅಮ್ಮನಿಗೆ ಗಾಲಿಕುರ್ಚಿ ಬಂದ ಮೇಲೆಯೇ.

ನಮ್ಮ ಮನೆಯ ಮೂರು ಮೆಟ್ಟಿಲುಗಳ ಒಟ್ಟು ಎತ್ತರ 45 ಸೆಂ.ಮೀ. ಆರಡಿಯ ರ‍್ಯಾಂಪ್ ಸಾಕೆಂದು ಗಾರೆ ಮೇಸ್ತ್ರಿ ಹೇಳಿದರು. ಆರಡಿಯೆಂದರೆ ಸುಮಾರು 180 ಸೆಂ.ಮೀ.; ಏರಿದ ಎತ್ತರವನ್ನು ನೆಲದ ಮೇಲಿನ ದೂರದಿಂದ ಭಾಗಿಸಿದರೆ 45/180, ಅಂದರೆ 1/4. ಕುರ್ಚಿ ತಳ್ಳುವವರಿಗೆ ಅದು ಗುಡ್ಡವೇ ಸರಿ. ಗಾಲಿಕುರ್ಚಿಯ ದಾರಿ 1/12ಕ್ಕಿಂತ ಕಡಿದಾಗಿರಬಾರದೆಂಬ ನಿಯಮದಂತೆ ನಮಗೆ 45×12, ಅಂದರೆ 540 ಸೆಂ.ಮೀ. ಬೇಕಿತ್ತು.

ಅಷ್ಟು ಉದ್ದದ ಅಂಗಳವಿಲ್ಲದ್ದರಿಂದ, ಬಲಕ್ಕೆ 300 ಸೆಂ.ಮೀ. ಸಾಗಿ 25 ಏರುವಂತೆ, 150 ಸೆಂ.ಮೀ.ನ ಸಮತಟ್ಟಿನಲ್ಲಿ ತಿರುಗಿ, ಮತ್ತೆ ಎಡಕ್ಕೆ 240 ಸೆಂ.ಮೀ.ನಲ್ಲಿ ಉಳಿದ 20 ಏರುವಂತೆ ಗ್ರಾಫ್ ಹಾಳೆಯಲ್ಲಿ ಗೆರೆ ಎಳೆದೆ. ಮೊದಲ ಗೆರೆ (0, 0)ದಿಂದ (300, 25)ಕ್ಕೆ, ಎರಡನೆಯದು (300, 25)ರಿಂದ (60, 45)ಕ್ಕೆ. ಎರಡನೆಯದರಲ್ಲಿ ಎತ್ತರಗಳ ವ್ಯತ್ಯಾಸ 45−25, ದೂರಗಳ ವ್ಯತ್ಯಾಸ 60−300, ಇಳಿಜಾರು −1/12. ಅಮ್ಮ ಏರುತ್ತಲೇ ಇರುವಾಗ ಋಣ ಚಿಹ್ನೆ ಏಕೆಂದು ಮಕ್ಕಳು ಕೇಳಿದರೆ ಈಗ ನನ್ನ ಬಳಿ ಉತ್ತರವಿದೆ: ಏರಿಕೆ ಅದೇ, ನಾವು ಅಳೆಯುವ ದಿಕ್ಕಿಗೆ ವಿರುದ್ಧವಾಗಿ ಏರುತ್ತಿದ್ದೇವೆ, ಅಷ್ಟೆ. ಒಂದು ವ್ಯತ್ಯಾಸವನ್ನು ಎರಡನೆಯ ಬಿಂದುವಿನಿಂದ, ಇನ್ನೊಂದನ್ನು ಮೊದಲನೆಯದರಿಂದ ಆರಂಭಿಸಿದರೆ ಮಾತ್ರ ಚಿಹ್ನೆ ಸುಳ್ಳು ಹೇಳುತ್ತದೆ.

ನಿಜವಾದ ಪಾಠ ಜಲ್ಲಿ ಹಾಸಿದ ದಿನ ಸಿಕ್ಕಿತು. ಮೊದಲ ಭಾಗದ ಎರಡು ತುದಿಗಳನ್ನು ನೀರು ತುಂಬಿದ ಲೆವೆಲ್ ಪೈಪಿನಿಂದ ನೋಡಿದಾಗ 25/300, ಸರಿಯಾಗಿ 1/12 ಬಂತು. ಆದರೂ ನಡುವೆ ಏನೋ ಉಬ್ಬಿದಂತೆ ಕಂಡಿತು. 60 ಸೆಂ.ಮೀ.ನಲ್ಲಿ ಎತ್ತರ 5 ಇತ್ತು, 180ರಲ್ಲಿ 15 ಇರಬೇಕಾದದ್ದು 18 ಇತ್ತು. ಅಂದರೆ 60ರಿಂದ 180ರವರೆಗೆ ಇಳಿಜಾರು 13/120, ಸುಮಾರು 1/9. ಅಲ್ಲಿಂದ ಮುಂದೆ 7/120, ಸುಮಾರು 1/17. ತುದಿಯ ಬಿಂದುಗಳೆರಡೇ ಇದನ್ನು ಮುಚ್ಚಿಟ್ಟಿದ್ದವು. ಗೆರೆ ನೇರವಾಗಿದ್ದರೆ ಅದರ ಮೇಲಿನ ಯಾವ ಎರಡು ಬಿಂದುಗಳನ್ನು ತೆಗೆದುಕೊಂಡರೂ ಇಳಿಜಾರು ಒಂದೇ ಬರುತ್ತದೆಂದು ಪಾಠದಲ್ಲಿ ಹೇಳಿದ್ದೆನೇ ಹೊರತು, ಅದನ್ನೇ ನೇರವನ್ನು ಪರೀಕ್ಷಿಸುವ ಉಪಾಯವಾಗಿ ಬಳಸಿರಲಿಲ್ಲ. ಕಾಂಕ್ರೀಟ್ ಹಾಕುವ ಮೊದಲು ಆ ಮೂರು ಸೆಂಟಿಮೀಟರನ್ನು ಕೆರೆಸಿದೆವು.

ಸಮತಟ್ಟಿನ ಇಳಿಜಾರು ನನ್ನ ಹಾಳೆಯಲ್ಲಿ ಸೊನ್ನೆ. ಮೇಸ್ತ್ರಿ ಒಪ್ಪಲಿಲ್ಲ, ಮಳೆನೀರು ನಿಲ್ಲುತ್ತದೆ, ವಾಟ ಕೊಡಲೇಬೇಕೆಂದರು. ಅದರ ಹೊರ ಅಂಚಿನ ಕಡೆಗೆ 150 ಸೆಂ.ಮೀ.ಗೆ ಒಂದೂವರೆ ಸೆಂ.ಮೀ. ತಗ್ಗಿಸಿದರು, ನಾನು ಸೊನ್ನೆಯನ್ನು ಅಳಿಸಿ 1/100 ಎಂದು ತಿದ್ದಿದೆ.